ಒಸಡಲ್ಲಿ ರಕ್ತ ಬಂದರೆ ‘ಉಷ್ಣ’ ಅಂತ ಬಿಡಬೇಡಿ

ಕಳೆದ ಸಂಚಿಕೆಯಲ್ಲಿ ಒಸಡಿನ ಕಾಯಿಲೆ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ. ಡಾಕ್ಟರು ಡೀಪ್ ಕ್ಲೀನಿಂಗ್ ಮಾಡಿಸಿ ಅಂದಿದ್ದಾರೆ, ಮಾಡಿಸಬೇಕಾ ಬೇಡ್ವಾ? ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ. ಡೀಪ್ ಕ್ಲೀನಿಂಗ್ ಅಂದರೆ ಒಸಡಿನ ಕೆಳಗೆ, ಹಲ್ಲಿನ ಬೇರಿನ ಮೇಲೆ ಕೂತ ಕೊಳೆ ತೆಗೆಯೋದು. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದಾರೆ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 46 ವರ್ಷ, ತೋಟ ಇದೆ. ಎರಡು ವರ್ಷದಿಂದ ಹಲ್ಲುಜ್ಜುವಾಗ ರಕ್ತ ಬರುತ್ತೆ. ಮನೆಯಲ್ಲಿ ಉಷ್ಣ ಅಂದರು, ಮುರುಗಲು ಪಾನಕ, ಮಜ್ಜಿಗೆ ಎಲ್ಲಾ ಆಯ್ತು. ಈಗ ಶಿವಮೊಗ್ಗದಲ್ಲಿ ತೋರಿಸಿದರೆ ಇಂಜೆಕ್ಷನ್ ಕೊಟ್ಟು ಎರಡು ಸಲ ಡೀಪ್ ಕ್ಲೀನಿಂಗ್ ಮಾಡಬೇಕು ಅಂತಾರೆ. ಪಕ್ಕದ ಮನೆಯವರು ಕ್ಲೀನ್ ಮಾಡಿಸಿದ ಮೇಲೇ ಹಲ್ಲು ಅಲ್ಲಾಡೋಕೆ ಶುರುವಾಯ್ತು ಅಂತ ಹೆದರಿಸಿದ್ದಾರೆ. ಏನು ಮಾಡಲಿ? — ಓದುಗರು, ತೀರ್ಥಹಳ್ಳಿ

ಉತ್ತರ: ಮಾಡಿಸಿಕೊಳ್ಳಿ. ಕೊಯ್ಲು ಮುಗೀಲಿ, ಆಮೇಲೆ ನೋಡೋಣ ಅಂತ ಮುಂದೂಡಬೇಡಿ.

ಮೊದಲು ಉಷ್ಣದ ಮಾತು. ನಮ್ಮ ಕಡೆ ಬಾಯಲ್ಲಿ ಏನೇ ಆದರೂ ಉಷ್ಣ ಅಂದುಬಿಡುತ್ತೇವೆ. ಪಾನಕ ಕುಡೀರಿ, ಮಜ್ಜಿಗೆ ಕುಡೀರಿ, ತೊಂದರೆ ಇಲ್ಲ. ಆದರೆ ಎರಡು ವರ್ಷದಿಂದ ಬ್ರಷ್ ಮುಟ್ಟಿಸಿದಾಗೆಲ್ಲ ರಕ್ತ ಬರುತ್ತಿದೆ ಅಂದರೆ ಅದರ ಕಾರಣ ಹಲ್ಲು ಮತ್ತು ಒಸಡು ಸೇರುವ ಜಾಗದಲ್ಲೇ ಇದೆ. ಹಲ್ಲಿನ ಮೇಲೆ ದಿನಾ ಅಂಟಂಟಾದ ಒಂದು ಪೊರೆ ಕಟ್ಟುತ್ತೆ, ಪೂರ್ತಿ ಬ್ಯಾಕ್ಟೀರಿಯಾದ್ದು. ಅದನ್ನು ಪ್ಲಾಕ್ ಅನ್ನುತ್ತಾರೆ, ಜನ ಪಾಚಿ ಅನ್ನುತ್ತಾರೆ. ಸರಿಯಾಗಿ ಉಜ್ಜಿದರೆ ಹೋಗುತ್ತೆ. ಉಜ್ಜದೆ ಬಿಟ್ಟರೆ ಕೆಲವೇ ದಿನದಲ್ಲಿ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿಕೊಂಡು ಗಟ್ಟಿಯಾಗಿ ಕಿಟ್ಟ ಆಗುತ್ತೆ. ಒಮ್ಮೆ ಕಿಟ್ಟ ಆಯ್ತು ಅಂದರೆ ಉಪ್ಪು, ಇದ್ದಿಲು, ಮಾವಿನೆಲೆ, ಯಾವ ಕಂಪನಿಯ ಪೇಸ್ಟು ಹಾಕಿ ತಿಕ್ಕಿದರೂ ಬರಲ್ಲ. ಉಪಕರಣದಿಂದಲೇ ತೆಗೀಬೇಕು.

ಒಸಡು ಊದಿ ರಕ್ತ ಬರೋದು ಮೊದಲ ಹಂತ. ಅಲ್ಲಿಗೇ ಹಿಡಿದರೆ ಪೂರ್ತಿ ವಾಸಿಯಾಗುತ್ತೆ, ಏನೂ ನಷ್ಟ ಇಲ್ಲ. ಕೆಲವರಲ್ಲಿ ಇದು ಮುಂದಕ್ಕೆ ಹೋಗುತ್ತೆ. ಕಿಟ್ಟ ಬೇರಿನ ಕಡೆ ಇಳಿಯುತ್ತೆ, ಒಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಆಗುತ್ತೆ, ಆ ಸಂದಿನೊಳಗೆ ಇನ್ನಷ್ಟು ಬ್ಯಾಕ್ಟೀರಿಯಾ, ಮತ್ತೆ ಹಲ್ಲನ್ನು ಹಿಡಿದಿರುವ ಮೂಳೆ ನಿಧಾನಕ್ಕೆ ಕರಗೋಕೆ ಶುರುವಾಗುತ್ತೆ. ಈ ಸಂದಿಗೆ ನಾವು ಪಾಕೆಟ್ ಅನ್ನುತ್ತೇವೆ. ಬೇಜಾರಿನ ಸಂಗತಿ ಏನು ಅಂದರೆ, ಇಷ್ಟೆಲ್ಲಾ ಆಗುವಾಗ ನೋವೇ ಇರಲ್ಲ. ಹುಳುಕು ಹಲ್ಲು ರಾತ್ರಿಯೆಲ್ಲಾ ನಿದ್ದೆ ಕೆಡಿಸಿ ಡಾಕ್ಟರ ಹತ್ತಿರ ಓಡಿಸುತ್ತೆ. ಒಸಡಿನ ಕಾಯಿಲೆ ಸದ್ದಿಲ್ಲದೆ ಹತ್ತು ಹದಿನೈದು ವರ್ಷ ನಡೆದು, ಹಲ್ಲು ಅಲ್ಲಾಡಿದಾಗ ಗೊತ್ತಾಗುತ್ತೆ.

ನಿಮ್ಮ ಡಾಕ್ಟರು ತುದಿ ಮೊಂಡಾದ, ಮೈಮೇಲೆ ಮಿಲಿಮೀಟರ್ ಗುರುತಿರುವ ಒಂದು ತೆಳು ಕಡ್ಡಿಯನ್ನು ಒಸಡಿನ ಅಂಚಿನೊಳಗೆ ಇಳಿಸಿ ಒಂದೊಂದು ಹಲ್ಲಿಗೂ ಆರು ಕಡೆ ಅಳತೆ ತಗೊಂಡಿರಬೇಕು. “ಮೂರು, ಎರಡು, ಮೂರು, ಐದು, ಆರು...” ಅಂತ ಅವರು ಹೇಳ್ತಾ ಹೋದ ಹಾಗೆ ನರ್ಸ್ ಬರೆದುಕೊಂಡಿರುತ್ತಾರೆ. 3 ಮಿಲಿಮೀಟರ್‌ವರೆಗೆ ಇದ್ದು ರಕ್ತ ಬರದಿದ್ದರೆ ಒಸಡು ಚೆನ್ನಾಗಿದೆ. 4 ಬಂದು ರಕ್ತವೂ ಬಂದರೆ ಎಚ್ಚರ. 5, 6 ಬಂದ ಕಡೆ ಬ್ರಷ್ ಅಂತೂ ತಳ ಮುಟ್ಟಲ್ಲ, ಅಲ್ಲಿಗೇ ಡೀಪ್ ಕ್ಲೀನಿಂಗ್ ಬೇಕಾಗೋದು. ಅಳತೆ ಜೊತೆ ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಉಳಿದಿದೆ ಅಂತಲೂ ನೋಡುತ್ತಾರೆ. ಈ ಎರಡೂ ಮಾಡದೆ ಬಾಯಿ ತೆರೆಸಿ ನೋಡಿದ ಕೂಡಲೇ ಡೀಪ್ ಕ್ಲೀನಿಂಗ್ ಅಂದಿದ್ದರೆ, “ನನ್ನ ಪಾಕೆಟ್ ಅಳತೆ ಎಷ್ಟಿದೆ ಡಾಕ್ಟ್ರೇ?” ಅಂತ ಧೈರ್ಯವಾಗಿ ಕೇಳಿ.

ಇನ್ನು ಹಲ್ಲು ಅಲ್ಲಾಡುವ ಭಯ. ನಿಮ್ಮ ತೋಟದಲ್ಲಿ ಮಳೆಗೆ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಕಾಣುತ್ತಿರುವ ಅಡಿಕೆ ಮರ ನೋಡಿರುತ್ತೀರಿ. ಅದರ ಬುಡದಲ್ಲಿ ಕಸಕಡ್ಡಿ ಒತ್ತಾಗಿ ಸಿಕ್ಕಿಕೊಂಡು ಮರ ಗಟ್ಟಿ ನಿಂತ ಹಾಗೆ ಕಂಡರೂ, ಕಸ ತೆಗೆದವರು ಮರ ಸಡಿಲ ಮಾಡಿದರು ಅಂತ ಯಾರಾದರೂ ಹೇಳುತ್ತಾರಾ? ಮಣ್ಣು ಹೋಗಿದ್ದು ಮೊದಲೇ. ಮೂಳೆ ಕರಗಿದ ಹಲ್ಲುಗಳನ್ನು ದಪ್ಪ ಕಿಟ್ಟ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತೆ, ತೆಗೆದಾಗ ನಿಜಸ್ಥಿತಿ ಕಾಣುತ್ತೆ. ನಿಮ್ಮ ಪಕ್ಕದ ಮನೆಯವರು ಬಹುಶಃ ತುಂಬಾ ತಡವಾಗಿ ಹೋಗಿದ್ದಾರೆ. ಸ್ವಲ್ಪ ಮಾತ್ರ ಅಲ್ಲಾಡುವ ಹಲ್ಲು ಕ್ಲೀನಿಂಗ್ ಆದ ಮೇಲೆ ಊತ ಇಳಿದು, ಕೆಲವು ವಾರದಲ್ಲಿ ಮೊದಲಿಗಿಂತ ಗಟ್ಟಿಯಾಗೋದೂ ಉಂಟು.

ಕುರ್ಚಿಯಲ್ಲಿ ಏನಾಗುತ್ತೆ ಅಂತ ಗೊತ್ತಿದ್ದರೆ ಹೆದರಿಕೆ ಕಡಿಮೆ. ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಕಿಟ್ಟ ಒಡೆದು ಉದುರಿಸುವ ಅಲ್ಟ್ರಾಸೋನಿಕ್ ಸ್ಕೇಲರ್, ಅದರ ತುದಿ ಸೆಕೆಂಡಿಗೆ 25,000ಕ್ಕೂ ಜಾಸ್ತಿ ಸಲ ಕಂಪಿಸುತ್ತೆ, ಜೊತೆಗೆ ನೀರು ಚಿಮ್ಮುತ್ತೆ. ಕುಂಯ್ ಅಂತ ಸದ್ದು, ಬಾಯಿ ತುಂಬಾ ನೀರು, ಅಷ್ಟೇ. ಅದಾದ ಮೇಲೆ ಕ್ಯುರೆಟ್ ಅಂತ, ತುದಿ ಬಾಗಿದ ಸಣ್ಣ ಕೈ ಉಪಕರಣದಿಂದ ಬೇರಿನ ಮೈಯನ್ನು ಹೆರೆಯುತ್ತಾರೆ. ಒಸಡಿನ ಕೆಳಗಿಂದ ಬರುವ ಕಿಟ್ಟ ಮೇಲೆ ಕಾಣುವ ಹಳದಿ ಕಿಟ್ಟದ ಥರ ಇರಲ್ಲ. ಕಪ್ಪು ಕಪ್ಪಾಗಿ, ಕಲ್ಲಿನ ಚೂರಿನಷ್ಟು ಗಟ್ಟಿ. ಬಿಳಿ ಗಾಜ್ ಬಟ್ಟೆಯ ಮೇಲೆ ಒರೆಸಿ ಇಟ್ಟಾಗ ನಾನು ರೋಗಿಗಳಿಗೆ ತೋರಿಸುತ್ತೇನೆ. ಇಷ್ಟು ದಿನ ಇದು ನನ್ನ ಬಾಯಲ್ಲಿತ್ತಾ ಅಂತ ಎಲ್ಲರೂ ಕೇಳುತ್ತಾರೆ. ಡಾಕ್ಟರು ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಿನ ಅಂದಾಜಿನ ಮೇಲೆ ಕೆಲಸ ಮಾಡುತ್ತಿರುತ್ತಾರೆ, ಒಂದೊಂದು ಬೇರನ್ನೂ ಮುಟ್ಟಿ ಮುಟ್ಟಿ ಒರಟು ಹೋಗಿದೆಯಾ ಅಂತ ನೋಡುತ್ತಾರೆ, ಅದಕ್ಕೇ ಅರ್ಧ ಬಾಯಿಗೆ ಒಂದು ಗಂಟೆ ಹಿಡಿಯೋದು.

ಫಲ ಎಷ್ಟು? 4ರಿಂದ 6 ಮಿಲಿಮೀಟರ್ ಪಾಕೆಟ್ ಸರಾಸರಿ 1 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಕಡಿಮೆಯಾಗುತ್ತೆ, 7ರ ಮೇಲಿದ್ದರೆ ಸುಮಾರು 2. ಕೇಳೋಕೆ ಸಣ್ಣದು. ಆದರೆ 5 ಇದ್ದದ್ದು 4ಕ್ಕೆ ಬಂದು ರಕ್ತ ನಿಂತರೆ ಆ ಹಲ್ಲನ್ನು ನೀವು ಮನೆಯಲ್ಲೇ ಕಾಪಾಡಿಕೊಳ್ಳಬಹುದು. ಕರಗಿದ ಮೂಳೆ ಮಾತ್ರ ಹೆಚ್ಚಿನಂಶ ವಾಪಸ್ ಬರಲ್ಲ, ಇರೋದನ್ನು ಉಳಿಸಿಕೊಳ್ಳೋದೇ ಇಲ್ಲಿನ ಕೆಲಸ. ಹಾಗಾಗಿ ಹಲ್ಲು ಗಟ್ಟಿ ಇರುವಾಗಲೇ ಹೋಗಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು.

ಪ್ರಶ್ನೆ: ಮೇಡಂ, ಹೋದ ವಾರ ಬಲಗಡೆ ಡೀಪ್ ಕ್ಲೀನಿಂಗ್ ಮಾಡಿಸಿದೆ. ಈಗ ಹಲ್ಲುಗಳು ಉದ್ದ ಆದ ಹಾಗೆ ಕಾಣ್ತಿವೆ, ಮಧ್ಯೆ ಸಂದು ಬಿದ್ದಿದೆ, ಬಾವಿ ನೀರು ಬಾಯಿಗೆ ಹಾಕಿದರೆ ಜುಮ್ ಅನ್ನುತ್ತೆ. ಹಲ್ಲಿನ ಪಾಲಿಶ್ ಎಲ್ಲಾ ಹೆರೆದು ಹಾಕಿದ್ದಾರಾ? ಎಡಗಡೆ ಮಾಡಿಸೋಕೆ ಭಯ. — ಓದುಗರು, ಸಾಗರ

ಉತ್ತರ: ನೀವು ಪಾಲಿಶ್ ಅನ್ನೋ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಎಲ್ಲೂ ಹೋಗಿಲ್ಲ, ಸಮಾಧಾನ ಮಾಡಿಕೊಳ್ಳಿ. ಊದಿಕೊಂಡಿದ್ದ ಒಸಡು ಇಳಿದಿದೆ, ಕಿಟ್ಟ ತುಂಬಿದ್ದ ಜಾಗ ಖಾಲಿಯಾಗಿದೆ. ಆ ಸಂದುಗಳು ಮೊದಲೂ ಇದ್ದವು, ಊತ ಮತ್ತು ಕಿಟ್ಟ ಅದನ್ನು ಮುಚ್ಚಿದ್ದವು. ಜುಮ್ ಅನ್ನೋದು ಬೇರಿನ ಮೈ ಹೊರಗೆ ಬಂದಿರುವುದರಿಂದ. ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನಾಗೇ ಕಡಿಮೆಯಾಗುತ್ತೆ. ಅಲ್ಲಿವರೆಗೆ ಸೆನ್ಸಿಟಿವಿಟಿಗೆ ಅಂತಲೇ ಬರುವ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ ಉಜ್ಜಿ, ರಾತ್ರಿ ಸ್ವಲ್ಪ ಪೇಸ್ಟನ್ನು ಬೆರಳಲ್ಲಿ ಆ ಜಾಗಕ್ಕೆ ಹಚ್ಚಿ ಬಿಡಿ. ನೀರು ಉಗುರು ಬೆಚ್ಚಗೆ ಇರಲಿ. ಅಪ್ಪೆಮಿಡಿ, ನಿಂಬೆಹುಳಿ ಥರದ್ದು ಸ್ವಲ್ಪ ದಿನ ಕಡಿಮೆ ಮಾಡಿ. ಆದರೆ ತಾನಾಗೇ ಮಿಡಿಯುವ ನೋವು, ಕೀವು, ಕೆನ್ನೆ ಬಾವು ಬಂದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಎಡಗಡೆ ಖಂಡಿತ ಮಾಡಿಸಿ. ಅರ್ಧ ಬಾಯಲ್ಲಿ ಕಾಯಿಲೆ ಹಾಗೇ ಉಳಿದಿದೆ ಅಲ್ವಾ. ಆ ಸಂದುಗಳಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಆಕಾರದ್ದೇ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಬರುತ್ತೆ, ಮೆಡಿಕಲ್ ಶಾಪಲ್ಲಿ ಕೇಳಿ. ಯಾವ ಸೈಜು ಅಂತ ಡಾಕ್ಟರ ಹತ್ತಿರವೇ ನೋಡಿಸಿಕೊಳ್ಳಿ, ತುರುಕುವ ಹಾಗೂ ಇರಬಾರದು, ಸಡಿಲವಾಗಿ ಓಡಾಡಲೂಬಾರದು.

ಪ್ರಶ್ನೆ: ನಮ್ಮೂರಿಂದ ಶಿವಮೊಗ್ಗಕ್ಕೆ ಬಂದು ಹೋಗೋದು ಅಂದರೆ ಒಂದು ದಿನ ಪೂರ್ತಿ ಹೋಗುತ್ತೆ. ಮಳೆಗಾಲದಲ್ಲಂತೂ ಕೇಳೋದೇ ಬೇಡ. ಮಾತ್ರೆ ಇಲ್ಲವೇ ಬಾಯಿ ಮುಕ್ಕಳಿಸುವ ಔಷಧಿ ಬರೆದುಕೊಟ್ಟರೆ ಸಾಲದಾ? — ಓದುಗರು, ಹೊಸನಗರ

ಉತ್ತರ: ಸಾಲದು. ಆ್ಯಂಟಿಬಯೋಟಿಕ್ ತಗೊಂಡರೆ ಒಂದು ವಾರ ಊತ ಇಳಿಯುತ್ತೆ, ವಾಸಿಯಾಯ್ತು ಅನ್ನಿಸುತ್ತೆ, ತಿಂಗಳಲ್ಲಿ ಮತ್ತೆ ಅದೇ ಕಥೆ. ಬ್ಯಾಕ್ಟೀರಿಯಾ ಆ ಅಂಟು ಪೊರೆಯೊಳಗೆ ಅಡಗಿರುತ್ತೆ, ಔಷಧಿ ಸರಿಯಾಗಿ ಒಳಗೆ ಇಳಿಯಲ್ಲ. ಮೊದಲು ಪೊರೆ ಒಡೀಬೇಕು, ಕಿಟ್ಟ ತೆಗೀಬೇಕು. ಕೆಲವರಿಗೆ, ಅದರಲ್ಲೂ ಸಣ್ಣ ವಯಸ್ಸಲ್ಲೇ ಜೋರಾಗಿ ಮೂಳೆ ಹೋಗುತ್ತಿರುವವರಿಗೆ, ಕ್ಲೀನಿಂಗ್ ಜೊತೆಗೆ ಮಾತ್ರೆ ಕೊಡೋದಿದೆ. ಕ್ಲೀನಿಂಗ್ ಬದಲಿಗೆ ಅಲ್ಲ. ಸುಮ್ನೆ ಅಂಗಡಿಯಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗುವ ಅಭ್ಯಾಸ ದಯವಿಟ್ಟು ಬಿಡಿ. ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಔಷಧಿ ಒಳ್ಳೆಯದೇ, ಆದರೆ ಪಾಕೆಟ್‌ನ ತಳಕ್ಕೆ ಹೋಗಲ್ಲ, ಎರಡು ವಾರಕ್ಕಿಂತ ಜಾಸ್ತಿ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತೆ, ನಾಲಿಗೆ ರುಚಿಯೂ ಕೆಡುತ್ತೆ. ಬ್ರಷ್ ಮಾಡಿದ ಕೂಡಲೇ ಮುಕ್ಕಳಿಸಬೇಡಿ, ಅರ್ಧ ಗಂಟೆ ಬಿಡಿ, ಪೇಸ್ಟಿನ ನೊರೆ ಅದರ ಶಕ್ತಿ ಕಡಿಮೆ ಮಾಡುತ್ತೆ.

ನಿಮ್ಮ ಓಡಾಟದ ಕಷ್ಟಕ್ಕೆ ಒಂದು ದಾರಿ ಇದೆ. ಎರಡೂ ಕಡೆ ಒಂದೇ ದಿನ ಮುಗಿಸಬಹುದು. ಬೇರೆ ಬೇರೆ ದಿನ ಮಾಡಿದ್ದಕ್ಕೂ ಒಂದೇ ದಿನ ಮಾಡಿದ್ದಕ್ಕೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ದೂರದಿಂದ ಬರುತ್ತೇನೆ ಅಂತ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿ. ಬೆಳಿಗ್ಗೆ ತಿಂಡಿ ತಿಂದುಕೊಂಡೇ ಬನ್ನಿ, ಯಾಕಂದರೆ ಮರಗಟ್ಟಿದ್ದು ಬಿಡೋವರೆಗೆ ಎರಡು ಮೂರು ಗಂಟೆ ಏನೂ ಅಗಿಯಬಾರದು, ತುಟಿ ಕೆನ್ನೆ ಕಚ್ಚಿಕೊಂಡರೂ ಗೊತ್ತಾಗಲ್ಲ.

ಪ್ರಶ್ನೆ: ಅಪ್ಪನಿಗೆ 62 ವರ್ಷ. ಶುಗರ್ ಇದೆ, ಬಿಪಿ ಇದೆ, ಸ್ಟೆಂಟ್ ಹಾಕಿಸಿ ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದಾರೆ. ಒಸಡು ದಪ್ಪ ಆಗಿ ಹಲ್ಲಿನ ಮೇಲೆ ಬಂದಿದೆ. ಇಂಥವರಿಗೆ ಡೀಪ್ ಕ್ಲೀನಿಂಗ್ ಮಾಡಬಹುದಾ? — ಓದುಗರು, ಭದ್ರಾವತಿ

ಉತ್ತರ: ಮಾಡಬಹುದು, ಇಂಥವರಿಗೇ ಇದು ಜಾಸ್ತಿ ಬೇಕು. ಶುಗರ್ ಹೆಚ್ಚಿದ್ದರೆ ಒಸಡಿನ ಕಾಯಿಲೆ ಜೋರಾಗುತ್ತೆ, ಒಸಡಿನ ಸೋಂಕು ಇದ್ದರೆ ಶುಗರ್ ಹಿಡಿತಕ್ಕೆ ಬರಲ್ಲ. ಒಸಡಿಗೆ ಸರಿಯಾದ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಲ್ಲಿ ಮೂರು ತಿಂಗಳ ಶುಗರಿನ ಮಟ್ಟ ಹೇಳುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತೆ. ಅಂದರೆ 8 ಇದ್ದದ್ದು 7.6ರ ಹತ್ತಿರ. ಶುಗರ್ ಡಾಕ್ಟರಿಗೂ ಈ ವಿಷಯ ಹೇಳಿ.

ಒಂದು ಮಾತು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಹಲ್ಲಿನ ಕೆಲಸ ಇದೆ ಅಂತ ಎರಡು ಮೂರು ದಿನ ಬಿಟ್ಟುಕೊಂಡು ಬರುವವರಿದ್ದಾರೆ. ಸ್ಟೆಂಟ್ ಇದ್ದವರಿಗೆ ಅದು ಪ್ರಾಣಾಪಾಯ. ಒಸಡಿನ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸೋಕೆ ನಮಗೆ ಬರುತ್ತೆ, ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ನಮ್ಮ ಕೈಲಿ ಏನೂ ಇಲ್ಲ. ಎಲ್ಲಾ ಮಾತ್ರೆಗಳ ಚೀಟಿ ತನ್ನಿ, ಡೆಂಟಿಸ್ಟ್ ಮತ್ತು ಹೃದಯದ ಡಾಕ್ಟರು ಮಾತಾಡಿಕೊಳ್ಳಲಿ. ಆ ಮಾತ್ರೆ ವಾರ್ಫರಿನ್ ಆಗಿದ್ದರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ಹೇಳುವ ಐಎನ್‌ಆರ್ ಪರೀಕ್ಷೆ ಮಾಡಿಸಿಕೊಂಡೇ ಬನ್ನಿ.

ಒಸಡು ದಪ್ಪ ಆಗಿರೋದಕ್ಕೆ ಬಿಪಿ ಮಾತ್ರೆಯೂ ಕಾರಣ ಇರಬಹುದು. ಆಮ್ಲೋಡಿಪಿನ್, ನಿಫೆಡಿಪಿನ್ ತಗೊಳ್ಳುವ ಕೆಲವರಿಗೆ ಒಸಡು ಹೀಗೆ ಬೆಳೆಯುತ್ತೆ, ಕಿಟ್ಟ ಇದ್ದರೆ ಇನ್ನೂ ಜಾಸ್ತಿ. ಬೇರೆ ಮಾತ್ರೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಇದನ್ನೂ ನೀವಾಗೇ ನಿಲ್ಲಿಸೋ ಹಾಗಿಲ್ಲ.

ಪ್ರಶ್ನೆ: ನಾನು ಸಿಗರೇಟ್ ಸೇದಲ್ಲ, ಗುಟ್ಕಾ ಇಲ್ಲ. ಊಟ ಆದ ಮೇಲೆ ಎಲೆ ಅಡಿಕೆ, ಕೆಲಸದ ಮಧ್ಯೆ ಒಂದಿಷ್ಟು ಹೊಗೆಸೊಪ್ಪು, ನಮ್ಮಲ್ಲಿ ಎಲ್ಲರೂ ಹಾಕೋದೇ. ಕವಳದಿಂದ ಒಸಡು ಗಟ್ಟಿಯಾಗುತ್ತೆ ಅಂತ ಹಿರಿಯರು ಹೇಳ್ತಿದ್ದರು. ಡೀಪ್ ಕ್ಲೀನಿಂಗ್ ಮಾಡಿಸಿದ ಮೇಲೂ ಹಾಕಬಹುದಾ? — ಓದುಗರು, ಕೊಪ್ಪ

ಉತ್ತರ: ನಮ್ಮ ಅರ್ಧ ಜಿಲ್ಲೆ ಅಡಿಕೆ ನಂಬಿ ಬದುಕುತ್ತೆ. ಮಕ್ಕಳ ಓದು, ಮನೆ ಮದುವೆ ಎಲ್ಲಾ ಅದರಿಂದ. ನನಗೆ ಇದು ಚೆನ್ನಾಗಿ ಗೊತ್ತು, ಆದರೂ ಬಾಯೊಳಗೆ ಕಂಡದ್ದನ್ನು ಹೇಳದೆ ಇರೋಕಾಗಲ್ಲ. ಕವಳ ಒಸಡನ್ನು ಗಟ್ಟಿ ಮಾಡಲ್ಲ. ಸುಣ್ಣ, ಅಡಿಕೆಯ ಚೂರು ಹಲ್ಲಿನ ಸಂದಿಯಲ್ಲಿ ಕೂತು ಒಸಡನ್ನು ಕೆರಳಿಸುತ್ತೆ, ಕಲೆಯ ಮೇಲೆ ಪೊರೆ ಇನ್ನೂ ಸಲೀಸಾಗಿ ಹಿಡಿಯುತ್ತೆ. ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲಿ ಒಸಡು ಕೆಳಗಿಳಿದು ಬೇರು ಕಾಣುತ್ತೆ, ಕನ್ನಡಿಯಲ್ಲಿ ನೀವೇ ನೋಡಿಕೊಳ್ಳಿ. ಬೀಡಿ ಸಿಗರೇಟ್ ಸೇದುವವರಲ್ಲಿ ಇನ್ನೊಂದು ಮೋಸ ಇದೆ, ಒಳಗೆ ಮೂಳೆ ಹೋಗುತ್ತಿದ್ದರೂ ರಕ್ತ ಅಷ್ಟಾಗಿ ಬರಲ್ಲ, ಕಾಯಿಲೆ ಇಲ್ಲವೇ ಇಲ್ಲ ಅಂತ ಅಂದುಕೊಂಡಿರುತ್ತಾರೆ. ತಂಬಾಕು ಬಿಡದೆ ಡೀಪ್ ಕ್ಲೀನಿಂಗ್ ಮಾಡಿಸಿದರೆ ಬಿಟ್ಟವರಿಗೆ ಆಗುವಷ್ಟು ಗುಣ ಆಗಲ್ಲ.

ಒಸಡಿಗಿಂತ ದೊಡ್ಡ ಚಿಂತೆ ಬೇರೆ ಇದೆ. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆ ಅಗಿಯುವುದೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ವರ್ಷಗಟ್ಟಲೆ ಅಗಿದವರಲ್ಲಿ ಕೆನ್ನೆಯ ಒಳಗಿನ ಚರ್ಮ ಬಿಳಿಚಿಕೊಂಡು ಬಿಗಿಯಾಗಿ ಬಾಯಿ ತೆರೆಯೋದೇ ಕಷ್ಟ ಆಗುತ್ತೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ಮಧ್ಯೆ ಹಿಡಿಯುತ್ತಾ ನೋಡಿ. ಹಿಡಿಯದಿದ್ದರೆ, ಖಾರ ತಿಂದರೆ ಕೆನ್ನೆ ಉರಿದರೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಕ್ಲೀನಿಂಗ್ ಮಾತು ಆಮೇಲೆ, ಮೊದಲು ಅದನ್ನು ತೋರಿಸಿ. ಬೆಳೆಯೋದು ಬೇರೆ, ಅಗಿಯೋದು ಬೇರೆ. ನಿಮಗೆ ಬಿಡೋಕೆ ಕಷ್ಟ ಅಂತ ಗೊತ್ತು. ಹೊಗೆಸೊಪ್ಪನ್ನು ಇವತ್ತೇ ಬಿಡಿ, ರಾತ್ರಿ ಬಾಯಲ್ಲಿ ಕವಳ ಇಟ್ಟುಕೊಂಡು ಮಲಗುವುದನ್ನೂ ಬಿಡಿ, ಉಳಿದದ್ದಕ್ಕೆ ಡಾಕ್ಟರ ಸಹಾಯ ಕೇಳಿ.

ಪ್ರಶ್ನೆ: ಐದು ತಿಂಗಳ ಬಸುರಿ. ಒಸಡೆಲ್ಲಾ ಕೆಂಪಾಗಿ ರಕ್ತ ಬರ್ತಿದೆ. ಹೆರಿಗೆ ಆಗೋವರೆಗೆ ಹಲ್ಲಿಗೆ ಕೈ ಹಾಕಬಾರದು ಅಂತ ಅತ್ತೆ ಹೇಳ್ತಾರೆ. — ಓದುಗರು, ಶಿಕಾರಿಪುರ

ಉತ್ತರ: ಈಗಲೇ ಮಾಡಿಸಬಹುದಮ್ಮ, ನಾಲ್ಕರಿಂದ ಆರು ತಿಂಗಳು ಕುರ್ಚಿಯಲ್ಲಿ ಕೂರೋಕೂ ಅನುಕೂಲ. ಬಸುರಿಯಲ್ಲಿ ಹಾರ್ಮೋನು ಏರೋದರಿಂದ ಸ್ವಲ್ಪ ಪಾಚಿ ಇದ್ದರೂ ಒಸಡು ಜೋರಾಗಿ ಊದುತ್ತೆ. ಮರಗಟ್ಟುವ ಲಿಗ್ನೊಕೇನ್ ಇಂಜೆಕ್ಷನ್‌ನಿಂದ ಮಗುವಿಗೆ ಅಪಾಯ ಇಲ್ಲ. ಬಸುರಿ ಅಂತ ಮೊದಲೇ ಹೇಳಿ, ಮಾತ್ರೆ ಬರೆಯುವಾಗ ಅವರು ಅದಕ್ಕೆ ತಕ್ಕ ಹಾಗೆ ಬರೆಯುತ್ತಾರೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರು ಅವರ ಎದುರಿಗೇ ಹೇಳಲಿ.

ಪ್ರಶ್ನೆ: ವಿಟಮಿನ್ ಸಿ ಮಾತ್ರೆ ತಗೊಂಡರೆ ಒಸಡಿನ ರಕ್ತ ನಿಲ್ಲುತ್ತಾ? — ಓದುಗರು, ಸೊರಬ

ಉತ್ತರ: ಹಣ್ಣು ತರಕಾರಿ ತಿನ್ನುವವರಿಗೆ ಆ ಕೊರತೆಯಿಂದ ರಕ್ತ ಬರೋದು ಅಪರೂಪ. ನೆಲ್ಲಿಕಾಯಿ ತಿನ್ನಿ, ಕಿಟ್ಟವನ್ನೂ ತೆಗೆಸಿ. ಆದರೆ ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಇದ್ದು ಇದ್ದಕ್ಕಿದ್ದ ಹಾಗೆ ಒಸಡಲ್ಲಿ ರಕ್ತ ಬಂದರೆ ಹಲ್ಲಿನ ಡಾಕ್ಟರ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಇರಬಹುದು.

ಪ್ರಶ್ನೆ: ಮಾಮೂಲಿ ಕ್ಲೀನಿಂಗ್‌ಗೂ ಡೀಪ್ ಕ್ಲೀನಿಂಗ್‌ಗೂ ರೇಟಿನಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಲೇಸರ್ ಅಂತ ಇನ್ನೂ ಜಾಸ್ತಿ ಹೇಳ್ತಾರೆ. ಒಮ್ಮೆ ಮಾಡಿಸಿದರೆ ಮುಗೀತಾ? — ಓದುಗರು, ಶಿವಮೊಗ್ಗ

ಉತ್ತರ: ಮಾಮೂಲಿ ಕ್ಲೀನಿಂಗ್ ಒಸಡಿನ ಮೇಲಿನದ್ದು, ಅರ್ಧ ಗಂಟೆ ಮುಕ್ಕಾಲು ಗಂಟೆ ಕೆಲಸ. ಡೀಪ್ ಅಂದರೆ ಇಂಜೆಕ್ಷನ್, ಬೇರಿನ ಕೆಲಸ, ಹೊತ್ತು ಎಲ್ಲಾ ಜಾಸ್ತಿ, ಹಾಗಾಗಿ ಹಣವೂ ಜಾಸ್ತಿ. ಕಷ್ಟ ಆದರೆ ಆಲ್ಕೊಳದ ಹತ್ತಿರ ಇರುವ ಶರಾವತಿ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ. ಡೆಂಟಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕಣ್ಣಮುಂದೆ ಮಾಡುತ್ತಾರೆ, ಹೊತ್ತು ಸ್ವಲ್ಪ ಹಿಡಿಯುತ್ತೆ ಅಷ್ಟೇ. ಕೈಯಿಂದ ನೀಟಾಗಿ ಮಾಡಿದ ಕ್ಲೀನಿಂಗ್‌ಗಿಂತ ಲೇಸರ್ ಬಹಳ ಮೇಲು ಅಂತ ಸಾಬೀತಾಗಿಲ್ಲ, ಅದಕ್ಕೆ ಅಂತ ಸಾಲ ಮಾಡಬೇಡಿ.

ಒಮ್ಮೆಗೆ ಮುಗಿಯಲ್ಲ. ಜನ ಹಲ್ಲು ಕಳೆದುಕೊಳ್ಳೋದು ಇಲ್ಲೇ. ರಕ್ತ ನಿಂತ ಕೂಡಲೇ ಬರೋದು ನಿಲ್ಲಿಸುತ್ತಾರೆ. ಆರು ವಾರದಿಂದ ಮೂರು ತಿಂಗಳೊಳಗೆ ಮತ್ತೆ ಅಳತೆ ತೆಗೆಸಲೇಬೇಕು. ಎಲ್ಲಾದರೂ ಪಾಕೆಟ್ 6ರ ಮೇಲೆ ಉಳಿದು ರಕ್ತ ಬರುತ್ತಿದ್ದರೆ ಆ ಜಾಗಕ್ಕೆ ಮಾತ್ರ ಒಸಡು ಬಿಡಿಸಿ ಕಣ್ಣಿಗೆ ಕಾಣುವ ಹಾಗೆ ಕ್ಲೀನ್ ಮಾಡುವ ಸಣ್ಣ ಆಪರೇಷನ್ ಬೇಕಾಗಬಹುದು. ಆಮೇಲೆ ಮೊದಲ ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಿ, ಸ್ಥಿತಿ ಚೆನ್ನಾಗಿದ್ದರೆ ಅಂತರ ಹೆಚ್ಚಿಸುತ್ತಾರೆ. ಮನೆಯಲ್ಲಿ ಮೆತ್ತನೆ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಸಣ್ಣಗೆ ಅಲುಗಿಸುತ್ತಾ ಎರಡು ನಿಮಿಷ ಉಜ್ಜಿ, ರಾತ್ರಿ ಮಲಗುವ ಮುಂಚೆಯಂತೂ ತಪ್ಪಿಸಬೇಡಿ. ಮೊದಲ ದಿನ ಬರೆದುಕೊಂಡ ಅಳತೆಯ ಚಾರ್ಟ್ ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ, ಮುಂದಿನ ಸಲ ಹೋದಾಗ ಅದೇ ಹಲ್ಲುಗಳ ಹೊಸ ಅಳತೆಯನ್ನು ಪಕ್ಕದಲ್ಲಿಟ್ಟು ತೋರಿಸಿ ಅಂತ ಕೇಳಿ.